ಅಂಚೆಗೆ ಹಾಕಿದ ಹುರಿಹಿಟ್ಟು

ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿ, ತುಂಗೆಯ ಮಗ್ಗುಲಲ್ಲಿದೆ ನೆಮ್ಮಾರ್. ಆಷಾಢದಲ್ಲಿ ಅಲ್ಲಿ ಹರವಿದ ಬಟ್ಟೆ ಮೂರು ದಿನವಾದರೂ ಒಣಗದು. ಭರಣಿಯೊಳಗಿನ ಉಪ್ಪು ನೀರೊಡೆಯುತ್ತದೆ. ಮಕ್ಕಳು ಶಿವಮೊಗ್ಗೆಯ ಕಾಲೇಜಿಗೆ ಹೊರಡುವುದೂ ಇದೇ ಕಾಲದಲ್ಲಿ. ಹಾಸ್ಟೆಲಿನ ತಿಂಡಿಯ ಹೊತ್ತಿಗೂ ಮೊದಲ ಪಾಠದ ಹೊತ್ತಿಗೂ ಹೊಂದದೆ ಹುಡುಗ ಬರಿಹೊಟ್ಟೆಯಲ್ಲಿ ತರಗತಿಗೆ ಓಡುತ್ತಾನೆಂದು ತಿಳಿದ ತಾಯಿ ಸುಮ್ಮನಿರುವಳೆ? ಕಾಯಿತುರಿ, ಬೆಲ್ಲ ಬೆರೆಸಿ ತಂಬಿಟ್ಟಿನ ಉಂಡೆ ಕಟ್ಟಿ ಅಂಚೆಗೆ ಹಾಕುತ್ತಾಳೆ. ಕೆಲವು ದಿನಗಳಲ್ಲಿ ಫೋನು ಬರುತ್ತದೆ: “ಉಂಡೆ... ಚೆನ್ನಾಗಿತ್ತಮ್ಮ.” ನಡುವಿನ ಆ ಸಣ್ಣ ತಡೆಯಿಂದಲೇ ಆಕೆಗೆ ಅರ್ಥವಾಗುತ್ತದೆ, ಬೂಷ್ಟು ಹಿಡಿದಿತ್ತೆಂದು.

ತಪ್ಪು ಕೈಗುಣದ್ದಲ್ಲ, ಪಸೆಯದು. ಹಸಿ ಕಾಯಿ ಎರಡು ದಿನ ತಾಳದು. ಬೆಲ್ಲವಂತೂ ಮಳೆಗಾಲದ ಗಾಳಿಯಿಂದಲೇ ನೀರು ಹೀರುತ್ತದೆ. ಪೇಟೆಯ ಬೇಕರಿಯವನು ಬಿಸ್ಕತ್ತನ್ನು ಪಸೆಯಾರುವಂತೆ ಸುಡುತ್ತಾನೆ. ಮಲೆನಾಡಿನ ಅಡಿಗೆಮನೆಯಲ್ಲಿ ಆ ಕೆಲಸಕ್ಕೆ ಬಾಣಲೆಯುಂಟು, ಹುರಿಹಿಟ್ಟುಂಟು.

ಅರ್ಧ ಕಿಲೋ ರಾಗಿ, 200 ಗ್ರಾಂ ಹೆಸರುಕಾಳು, 100 ಗ್ರಾಂ ಹುರಿಗಡಲೆ ಸಾಕು. ರಾಗಿ ಬಯಲುಸೀಮೆಯ ಧಾನ್ಯವೆಂದು ಅಕ್ಕಿಯುಣ್ಣುವ ಮನೆಗಳು ಮೂಗು ಮುರಿಯುವುದುಂಟು. ಆದರೆ 100 ಗ್ರಾಂ ರಾಗಿಯಲ್ಲಿರುವ ಸುಣ್ಣದ ಅಂಶ 300 ಮಿಲಿಗ್ರಾಂಗೂ ಮಿಕ್ಕಿದ್ದು, ಅಕ್ಕಿ ಅದರ ಹತ್ತಿರವೂ ಸುಳಿಯದು. ಧಾನ್ಯದಲ್ಲಿ ಕೊರತೆಯಾದ ಸಸಾರಜನಕವನ್ನು ಹೆಸರು ತುಂಬಿಕೊಡುತ್ತದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಗೋಧಿ, ಕಡಲೆ, ಶೇಂಗಾ, ಬೆಲ್ಲಗಳಿಂದ ರೂಪಿಸಿದ ಪೌಷ್ಟಿಕ ಪುಡಿಯ ಹಿಂದಿರುವ ತತ್ತ್ವವೂ ಇದೇ.

ತೊಳೆದು ಬಸಿದ ರಾಗಿಯನ್ನು ಸಣ್ಣ ಉರಿಯಲ್ಲಿ ನೀರಾರುವವರೆಗೆ ಕೈಯಾಡಿಸಿ, ಬಳಿಕ ಚಟಪಟ ಸಿಡಿದು ಘಮಘಮಿಸುವಂತೆ ಹುರಿಯಬೇಕು. ಹೆಸರನ್ನು ಬೇರೆಯಾಗಿಯೇ, ಕೆಂಪಡರುವ ತನಕ. ಅವಸರಪಟ್ಟರೆ ಹಸಿವಾಸನೆ ಉಳಿಯುತ್ತದೆ. ಹುರಿಗಡಲೆಗೆ ಬಾಣಲೆಯ ಬಿಸಿ ತಾಗಿದರೆ ಸಾಕು. ನಾಲ್ಕು ಏಲಕ್ಕಿ, ಒಂದು ತುಂಡು ಒಣಶುಂಠಿ ಸೇರಿಸಿ ಬೀಸಿಸಬೇಕು. ಗಿರಣಿಯಲ್ಲಿ ಯಾರದೋ ಮೆಣಸಿನಪುಡಿಯ ಬೆನ್ನಿಗೇ ಇದನ್ನು ಸುರಿಯಗೊಡಬಾರದು! ಶೇಂಗಾ ಬೇಕೆನಿಸಿದರೆ ಹುರಿದು ಬೇರೆ ಪೊಟ್ಟಣದಲ್ಲಿಡುವುದು ಮೇಲು; ಪುಡಿಯೊಳಗೆ ಅದರ ಎಣ್ಣೆ ಬೇಗ ಕಮಟುತ್ತದೆ.

ಬೀಸಿದ ಹಿಟ್ಟು ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚುವವರೇ ಹೆಚ್ಚು. ಒಳಗಿನ ಬಿಸಿ ಬೆವರಾಗಿ ಮುಚ್ಚಳದಿಂದ ತೊಟ್ಟಿಕ್ಕಿದರೆ ಹುರಿದದ್ದೆಲ್ಲ ವ್ಯರ್ಥ. ಅಗಲ ತಟ್ಟೆಯಲ್ಲಿ ಹರವಿ, ಪೂರ್ತಿ ಆರಿದೊಡನೆ ಬಿಗಿಮುಚ್ಚಳದ ಡಬ್ಬಿಗೆ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಡಬೇಕು. ಬೆಲ್ಲ ಬೇರೆ ಡಬ್ಬಿಯಲ್ಲಿ. ಹೊರಗಿನ ವಿಳಾಸ ಮಳೆಗೆ ಅಳಿಸಿದರೆ ಇರಲೆಂದು ಒಳಗೂ ಒಂದು ಚೀಟಿ.

ದಿನಕ್ಕೆ ಎರಡು ದೊಡ್ಡ ಚಮಚ ಹಿಟ್ಟು, ಒಂದು ಲೋಟ ಬಿಸಿಹಾಲು, ಚೂರು ಬೆಲ್ಲ. ಜೊತೆಗೊಂದು ಬಾಳೆಹಣ್ಣಿದ್ದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಲೆಕ್ಕಕ್ಕೆ ಈ ಡಬ್ಬಿ ಒಬ್ಬನಿಗೆ ಸುಮಾರು ಮೂರು ವಾರ ಬರಬೇಕು. ಕೋಣೆಯಲ್ಲಿ ಮೂವರಿದ್ದರೆ ಒಂದೇ ವಾರ. ಅದನ್ನರಿತ ತಾಯಿ ಎರಡನೆಯ ಪಾರ್ಸೆಲಿನ ಚೀಟಿಯಲ್ಲಿ ವಿಳಾಸದ ಕೆಳಗೆ ಬರೆಯುತ್ತಾಳೆ: “ಹಂಚಿ ತಿನ್ನು. ಚೌತಿಗೆ ಬರುವಾಗ ಖಾಲಿ ಡಬ್ಬಿ ತಾ.”