ಭಾಗ 4: ಫಾರ್ಮ್ಯಾಟ್ ಪಂಡಿತರಿಗೆ

ಲಿನಕ್ಸ್ ಬೂಟ್ ಆಗ್ತಿಲ್ಲ ಅಂದ್ರೆ ಸಾಕು, "ಫಾರ್ಮ್ಯಾಟ್ ಹೊಡಿ ಮಗಾ" ಅಂತ ಶುರು. ಯಾಕ್ರೋ? ಇಡೀ ಸಿಸ್ಟಮ್ ಮೇಲೆ ಸಿಎಚ್‌ಮಾಡ್ 644 ಓಡಿಸಿದ್ರೆ ಫೈಲ್ ಒಂದೂ ಅಳಿಸಿಹೋಗಲ್ಲ. ಎಕ್ಸಿಕ್ಯೂಟ್ ಪರ್ಮಿಷನ್ ಹೋಗಿರುತ್ತೆ, ಇನಿಟ್ ಓಡೋಕಾಗದೆ ಬೂಟ್ ಅಲ್ಲೇ ನಿಲ್ಲುತ್ತೆ, ಅಷ್ಟೇ. "ಎಲ್ಲಕ್ಕೂ 777 ಕೊಡು" ಅನ್ನೋರು ಇನ್ನೂ ಜಾಣರು! ಸೆಟ್‌ಯುಐಡಿ ಬಿಟ್ ಹೋಗಿ ಸುಡೋನೇ ಕೆಲಸ ಮಾಡಲ್ಲ.

ಅದೇ ಲಿನಕ್ಸಿನ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ. ಮೊದಲು ಹೋಮ್ ಫೋಲ್ಡರ್ ಕಾಪಿ ಮಾಡ್ಕೊಳ್ಳಿ, ಸೆಮಿಸ್ಟರ್ ಪ್ರಾಜೆಕ್ಟ್ ಅಲ್ಲೇ ಇದೆ ಕಣ್ರೋ. ಲೈವ್ ಸಿಸ್ಟಮ್‌ನಲ್ಲಿರೋ ಫೈಲ್‌ಗಳ ಪರ್ಮಿಷನ್ ಸರಿಯಾಗೇ ಇರುತ್ತೆ. ಸಿಎಚ್‌ಮಾಡ್‌ಗೆ ರೆಫರೆನ್ಸ್ ಆಪ್ಷನ್ ಕೊಟ್ರೆ ಅದನ್ನ ನೋಡ್ಕೊಂಡು ಇಲ್ಲೂ ಹಾಕುತ್ತೆ. (ಒಂದೊಂದೇ ಫೈಲ್, ಹಾಗಾಗಿ ಚಿಕ್ಕ ಸ್ಕ್ರಿಪ್ಟ್ ಬೇಕು.) ಆಮೇಲೂ ರೀಇನ್‌ಸ್ಟಾಲ್ ಮಾಡ್ಬೇಕು ಅನ್ಸಿದ್ರೆ ಮಾಡಿ, ಬೇಡ ಅಂದವರ್ಯಾರು?