ಮುಪ್ಪನ್ನು ನೋಡುವುದನ್ನು ಕಲಿಸಿ: ಕಿಮ್ಸ್ ನಿರ್ದೇಶಕರಿಗೊಂದು ಬಹಿರಂಗ ಪತ್ರ

ನಿರ್ದೇಶಕರು,
ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ (ಹಿಂದಿನ ಕಿಮ್ಸ್), ಹುಬ್ಬಳ್ಳಿ

ಮಾನ್ಯರೇ,

ತಾರಿಹಾಳದಲ್ಲಿ ಬೆಳಗಿನ ಶಿಫ್ಟ್ ಶುರುವಾದ ಮೇಲೆ ಮನೆಯಲ್ಲಿ ಉಳಿಯುವವರು ಹೆಚ್ಚಾಗಿ ವಯಸ್ಸಾದವರೇ. ಕೈಗಾರಿಕಾ ಪ್ರದೇಶ ಮಗ್ಗುಲಲ್ಲೇ ಇರುವುದರಿಂದ ದುಡಿಯುವ ಕೈಗಳಿಗೆ ಕೆಲಸವಿದೆ. ಆದರೆ ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯಬೇಕೆಂದರೆ ಮನೆಯಲ್ಲೊಬ್ಬರು ಪಗಾರ ಬಿಡಬೇಕು. ಪಗಾರ ಬಿಟ್ಟು, ಸರದಿಯಲ್ಲಿ ಕೂತು, ಕಡೆಗೆ ಕೇಳಿಸಿಕೊಳ್ಳುವ ಮಾತು ಎಷ್ಟೋ ಸಲ ಒಂದೇ: "ವಯಸ್ಸಾಗೈತಲ್ರೀ, ಹಿಂಗ ಆಗೂದ." ಹೀಗೆ ಹೇಳುವವರು ಕಲ್ಲೆದೆಯವರೇನಲ್ಲ. ವಯಸ್ಸಾದವರಲ್ಲಿ ಬೇರೆ ಏನನ್ನು ನೋಡಬೇಕೆಂದು ಅವರಿಗೆ ಕೈಹಿಡಿದು ಕಲಿಸಿದವರಿಲ್ಲ. 1957ರಿಂದ ಈ ಭಾಗಕ್ಕೆ ವೈದ್ಯರನ್ನು ತಯಾರು ಮಾಡುತ್ತಿರುವ ಸಂಸ್ಥೆ ನಿಮ್ಮದು. ಅದಕ್ಕೇ ಈ ಪತ್ರ ನಿಮಗೆ.

ಮುಪ್ಪಿನಲ್ಲಿ ರೋಗ ವೇಷ ಮರೆಸಿಕೊಂಡು ಬರುತ್ತದೆ. ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು. ಕಾಣುವುದು ಬರೀ ಸುಸ್ತು, ಏದುಸಿರು. ಮೂತ್ರದ ಸೋಂಕು ಜ್ವರವನ್ನೂ ತರದೆ ತಲೆಯನ್ನೇ ಗೊಂದಲಕ್ಕೆ ಕೆಡವಬಹುದು. ಮೊನ್ನೆಯವರೆಗೆ ಸರಿಯಿದ್ದ ಅಜ್ಜ ಇವತ್ತು ಮಗನ ಗುರುತು ಹಿಡಿಯುವುದಿಲ್ಲ. ಮನೆಯವರು ಅರಳುಮರಳು ಎಂದು ಸುಮ್ಮನಾಗುತ್ತಾರೆ. ಒಂದೆರಡು ದಿನದಲ್ಲಿ ಬಂದ ಗೊಂದಲ ಸನ್ನಿ. ಅದಕ್ಕೆ ಅಂದೇ ಕಾರಣ ಹುಡುಕಬೇಕು, ಹುಡುಕಿದರೆ ಬಹಳಷ್ಟು ಸಲ ವಾಸಿಯಾಗುತ್ತದೆ. ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುವ ಮರೆಗುಳಿತನದ ದಾರಿಯೇ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದರೆ ಜೀವಕ್ಕೆ ಕುತ್ತು.

ಇನ್ನು ಗುಳಿಗೆಗಳ ಚೀಲ. ಬಿಪಿಗೆ ಒಬ್ಬರು ಬರೆದದ್ದು, ಮೊಣಕಾಲಿಗೆ ಇನ್ನೊಬ್ಬರದು, ನಿದ್ದೆಗೆ ಔಷಧಿ ಅಂಗಡಿಯವರೇ ಕೊಟ್ಟದ್ದು, ಎಲ್ಲ ಒಂದೇ ಚೀಲದಲ್ಲಿ. ನೋವಿನ ಗುಳಿಗೆ ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಬಿಪಿ ಏರಿತೆಂದು ಬಿಪಿಯ ಗುಳಿಗೆ ಹೆಚ್ಚಾಗುತ್ತದೆ. ನಸುಕಿನಲ್ಲಿ ಬಚ್ಚಲಿಗೆ ಹೋಗಲೆಂದು ಎದ್ದ ಅಜ್ಜಿ ತಲೆ ತಿರುಗಿ ಬೀಳುತ್ತಾಳೆ. ಸೊಂಟದ ಮೂಳೆ ಮುರಿಯುತ್ತದೆ. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ಪ್ರಕಟಿಸಿದರು. ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತ ಬಂದಿರುವ ಆ ಪಟ್ಟಿಯಲ್ಲಿ ನಮ್ಮಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್ ಕೂಡ ಇದೆ. ವಯಸ್ಸಾದವರಲ್ಲಿ ಅದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿ, ಬಹಳ ಹೊತ್ತು ಅಲ್ಲೇ ಇಡಬಲ್ಲದು.

ಇದನ್ನೆಲ್ಲ ಪತ್ತೆಹಚ್ಚಲು ಸ್ಕ್ಯಾನಿಂಗ್ ಯಂತ್ರ ಬೇಕಿಲ್ಲ. ಮಲಗಿಸಿ ನೋಡಿದ ಬಿಪಿಯನ್ನು ನಿಲ್ಲಿಸಿ ಇನ್ನೊಮ್ಮೆ ನೋಡಬೇಕು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿಯಬೇಕು. ತೂಕ ಇಳಿದಿದೆಯೇ, ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ, ಪಾದದಲ್ಲಿ ಗಾಯವಿದೆಯೇ ನೋಡಬೇಕು. ಗುಳಿಗೆಗಳ ಚೀಲವನ್ನು ಮೇಜಿನ ಮೇಲೆ ಸುರಿಸಬೇಕು. ಹೊರರೋಗಿ ವಿಭಾಗದ ಗದ್ದಲದಲ್ಲಿ ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ಕೇಳಬಹುದು. ಡಾಕ್ಟರಿಗೆ ಇಲ್ಲದಿರಬಹುದು, ಸರದಿಯಲ್ಲಿ ಕೂತವರಿಗಂತೂ ಸಮಯ ಬೇಕಾದಷ್ಟಿದೆ. ತರಬೇತಿ ಪಡೆದ ಸಿಸ್ಟರ್ ಒಬ್ಬರು ಅಲ್ಲೇ ಮುಗಿಸಬಲ್ಲ ಕೆಲಸವಿದು.

ಕಾಗದದ ಮೇಲೆ ನಮಗೇನೂ ಬರವಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಹಾಸಿಗೆ, ಪ್ರತ್ಯೇಕ ಸರದಿ ಇರಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. 2010-11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯ ಹತ್ತು ಹಾಸಿಗೆಗಳ ವಾರ್ಡೂ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವಾರದ ಕ್ಲಿನಿಕ್ಕೂ ಇದೆ. 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲೂ ವೃದ್ಧರ ವೈದ್ಯಕೀಯಕ್ಕೆ ಜಾಗ ಸಿಕ್ಕಿದೆ. ಆದರೆ ಓದಿದ್ದು ಕೈಗೆ ಇಳಿಯಬೇಕಲ್ಲ. ಇಂಟರ್ನ್‌ಶಿಪ್‌ನಲ್ಲಿ ಮಕ್ಕಳಿಗೆ, ಹೆರಿಗೆಗೆ ಪ್ರತ್ಯೇಕ ವಾರಗಳು ಮೀಸಲಿರುವಂತೆ ಮುದುಕರಿಗೆ ಮೀಸಲಾದ ಕಡ್ಡಾಯ ವಾರ ಒಂದಾದರೂ ಬೇಡವೇ?

ತಜ್ಞರು ಬರಲಿ ಎಂದು ಕಾಯುವುದಕ್ಕೂ ಅರ್ಥವಿಲ್ಲ. ಮದ್ರಾಸಿನಲ್ಲಿ ಡಾ. ವಿ. ಎಸ್. ನಟರಾಜನ್ ವೃದ್ಧರ ಹೊರರೋಗಿ ವಿಭಾಗ ಆರಂಭಿಸಿದ್ದು 1978ರಲ್ಲಿ. ಅಲ್ಲಿ ಈ ವಿಷಯದ ಎಂಡಿ ಕೋರ್ಸ್ ಶುರುವಾಗಲು 1996 ಬರಬೇಕಾಯಿತು. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಇಷ್ಟು ಜನರನ್ನು ಬೆರಳೆಣಿಕೆಯ ತಜ್ಞರು ನೋಡಲಾರರು. ಎಲ್ಲ ವೈದ್ಯರೂ, ಎಲ್ಲ ಸಿಸ್ಟರ್‌ಗಳೂ ಒಂದಿಷ್ಟು ಕಲಿಯಲೇಬೇಕು.

ಆದ್ದರಿಂದ ನಾಲ್ಕು ಬೇಡಿಕೆಗಳು.

ಒಂದು: ಇಂಟರ್ನ್‌ಗಳ ಸಮುದಾಯ ವೈದ್ಯಕೀಯದ 12 ವಾರಗಳಲ್ಲಿ ಎರಡು ವಾರ ಹಿರಿಯರ ಮನೆಭೇಟಿಗೆ ಮೀಸಲಿಡಿ. ತಾರಿಹಾಳದಂಥ ಊರಿನ ಪಡಸಾಲೆಯಲ್ಲಿ, ಬಚ್ಚಲ ಹೊಸ್ತಿಲಲ್ಲಿ ಕಲಿಯುವುದು ವಾರ್ಡಿನಲ್ಲಿ ಸಿಗುವುದಿಲ್ಲ.

ಎರಡು: ಸಿಸ್ಟರ್‌ಗಳ ಜೊತೆ ಆಯಾ, ವಾರ್ಡ್‌ಬಾಯ್‌ಗಳಿಗೂ ತರಬೇತಿ ಕೊಡಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಕೂರಿಸಿ ಉಣಿಸುವುದು, ರಟ್ಟೆ ಹಿಡಿದು ಎಳೆಯದೆ ಎಬ್ಬಿಸುವುದು, ಎದುರು ನಿಂತು ನಿಧಾನವಾಗಿ ಮಾತಾಡುವುದು, ಇವೆಲ್ಲ ಚಿಕಿತ್ಸೆಯೇ.

ಮೂರು: ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ. ಅವರ ಜೊತೆ ಸೇರಿ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಸನ್ನಿ, ಮರೆಗುಳಿತನ, ಖಿನ್ನತೆಗಳ ನಡುವಿನ ವ್ಯತ್ಯಾಸ ಕಲಿಸಿ.

ನಾಲ್ಕು: ಕಲಿಸಿದ್ದನ್ನು ಪರೀಕ್ಷೆಯಲ್ಲಿ ಕೇಳಿ. ಅಂಕವಿಲ್ಲದ ಪಾಠವನ್ನು ವಿದ್ಯಾರ್ಥಿಗಳು ಓದುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಂತರಿಕ ಪರೀಕ್ಷೆಯಲ್ಲಿ ಒಬ್ಬ ಹಿರಿಯ ರೋಗಿಯ ತಪಾಸಣೆ ಕಡ್ಡಾಯವಾಗಲಿ.

ಹೊಸ ಕಟ್ಟಡವನ್ನಾಗಲಿ ದೊಡ್ಡ ಅನುದಾನವನ್ನಾಗಲಿ ನಾವು ಕೇಳುತ್ತಿಲ್ಲ. ಮುಂದಿನ ಬ್ಯಾಚಿನ ಇಂಟರ್ನ್‌ಗಳಿಂದಲೇ ಶುರು ಮಾಡಿ, ಮೊದಲ ತಂಡವನ್ನು ತಾರಿಹಾಳಕ್ಕೆ ಕಳಿಸಿ. ಮನೆ ತೋರಿಸಲು ನಾವಿದ್ದೇವೆ.

ಇಂತಿ ವಿಶ್ವಾಸದ,
ತಾರಿಹಾಳದ ಒಬ್ಬ ನಿವಾಸಿ