ಪೈಲಟ್ ನಿದ್ದೆ ಮಾಡಿದ, ಸರಿ. ಗುಡ್ಡ?

ನಮ್ಮ ಲಾಯಿಲದಲ್ಲಿ ಬಜಪೆ ಏರ್‌ಪೋರ್ಟಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಪೈಲಟ್ ನಿದ್ದೆ ಮಾಡಿದ್ದಲ್ವಾ ಮಾರಾಯ್ರೆ, ಮತ್ತೆಂತ?" ಅಲ್ಲಿಗೆ ಚರ್ಚೆ ಮುಗಿಯಿತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನದಲ್ಲಿ 158 ಜನ ಸತ್ತರು, ಬದುಕಿದವರು 8 ಮಂದಿ. ಅಷ್ಟು ಸಾವಿಗೆ ಇಷ್ಟು ಸಣ್ಣ ಉತ್ತರ ಸಾಕಾ?

ಪೈಲಟ್ ತಪ್ಪಿದ್ದು ನಿಜ. ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ತನಿಖಾ ವರದಿ ಇದನ್ನೇ ನೇರ ಕಾರಣ ಎಂದಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲೂ ಇದೆ. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು, ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ಎಂದಿಗಿಂತ ಹತ್ತಿರ ಬಂದ ಮೇಲೆ. ಈ ಸಾಲು ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನು ನೆಲ. ರನ್‌ವೇ 2,450 ಮೀಟರ್, ಗುಡ್ಡದ ತಲೆ ಕಡಿದು ಮಾಡಿದ್ದು. ಅದರಾಚೆ ಸುರಕ್ಷಾ ಜಾಗ ಬರೀ 90 ಮೀಟರ್. ಅದು ಅಂತಾರಾಷ್ಟ್ರೀಯ ನಿಯಮದ ಕನಿಷ್ಠ. ಶಿಫಾರಸು 240 ಮೀಟರ್. ತುದಿ ದಾಟಿದ ವಿಮಾನದ ಬಲರೆಕ್ಕೆ ಐಎಲ್‌ಎಸ್ ಆಂಟೆನಾದ ಕಾಂಕ್ರೀಟು ಕಟ್ಟೆಗೆ ಬಡಿಯಿತು, ಆಮೇಲೆ ಕಣಿವೆ. ದಾರಿ ತೋರಿಸಲಿಕ್ಕೆ ಇಟ್ಟ ಯಂತ್ರದ ಬುಡವೇ ಅಡ್ಡ ನಿಂತಿತು. ಅಲ್ಲಿ ಮುರಿದು ಬೀಳುವಂಥ ಹಗುರ ಕಂಬ ಇರಬೇಕಿತ್ತು. ಇದೂ ನಿದ್ದೆಯ ತಪ್ಪಾ?

ಹತ್ತು ವರ್ಷ ಕಳೆದು, 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ ಅದೇ ಕಥೆ: ಗುಡ್ಡದ ರನ್‌ವೇ, ಮಳೆ, ಕಮರಿ, 21 ಸಾವು.

ನನ್ನ ಸಿಟ್ಟು ಪೈಲಟ್ ಮೇಲಲ್ಲ, ಬೇಡಿಕೆ ಪಟ್ಟಿ ಹಿಡಿದು ಓಡಾಡುವ ನಮ್ಮ ಮುಖಂಡರ ಮೇಲೆ. ಎಲ್ಲರಿಗೂ ಬೇಕಾದ್ದು ದೊಡ್ಡ ವಿಮಾನ, ಹೊಸ ಊರಿಗೆ ಹಾರಾಟ, ಹೊಳೆಯುವ ಟರ್ಮಿನಲ್. ರನ್‌ವೇ ತುದಿಯಲ್ಲಿ ಎಷ್ಟು ಮೀಟರ್ ಇದೆ, ಓಡಿ ಬರುವ ವಿಮಾನವನ್ನು ಹಿಡಿದು ನಿಲ್ಲಿಸುವ ಮೆತ್ತನೆಯ ಹಾಸು ಯಾವಾಗ, ರಾಡಾರ್ ಕೆಟ್ಟರೆ ಏನು ವ್ಯವಸ್ಥೆ ಅಂತ ಕೇಳುವವರು ಯಾರೂ ಇಲ್ಲ. ಜಾಗಕ್ಕಾಗಿ ಕೆಂಜಾರು, ಅದ್ಯಪಾಡಿಯವರ ತೋಟ ಕೇಳುವುದಾದರೆ ಮೊದಲು ಈ ಲೆಕ್ಕ ಅವರ ಮುಂದಿಡಿ. ನ್ಯಾಯವಾದ ಬೆಲೆ ಕೊಡಿ.

ಮಳೆಗಾಲದಲ್ಲಿ ಭಾವನನ್ನು ಕರೆತರಲು ಬಜಪೆಗೆ ಹೋದಾಗ ವಿಮಾನ ಇಳಿಯಲಾಗದೆ ಬೆಂಗಳೂರಿಗೆ ಹೋಯಿತು. ಸುತ್ತ ನಿಂತವರೆಲ್ಲ ಪೈಲಟಿಗೆ ಬೈದರು. ನಾನು ಮನಸ್ಸಿನಲ್ಲೇ ಕೈಮುಗಿದೆ. ಭಾವ ಒಂದು ದಿನ ತಡವಾಗಿ ಬಂದರು. ಬಂದರು, ಅಷ್ಟು ಸಾಕು.